ಮೂವತ್ತೆಂಟು ವಿಧವೆಯರ ನೆಮ್ಮದಿ

ಆರೋಗ್ಯ ನಿರ್ದೇಶನಾಲಯದ ಸಿಬ್ಬಂದಿ ನೆಮ್ಮದಿ ವಿಭಾಗದ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಬರುವ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ರಬಾಬ್ ಎಂಬ ಇಪ್ಪತ್ತಾರು ವರ್ಷದ ನರ್ಸ್ ಒಬ್ಬಳ ವಿಚಾರಣೆ ಇದೆ. ಡ್ಯೂಟಿಯ ನಡುವೆ ನಲವತ್ತು ನಿಮಿಷ ಬಟ್ಟೆ ಕೋಣೆಯ ಬಾಗಿಲು ಹಾಕಿಕೊಂಡು ಕೂತಳು ಎಂಬುದು ಆರೋಪ. ಅವಳು ದಣಿದಿದ್ದಳು, ಮನಸ್ಸು ಕೆಟ್ಟು ಹೋಗಿತ್ತು ಎಂದು ನಾವು ಹೇಳಿದೆವು. ಅದು ನಾಟಕ ಎಂದು ನಿಮ್ಮ ಕಚೇರಿ ಹೇಳುತ್ತಿದೆ. ಹಾಗೆ ಹೇಳಲು ನಿಮ್ಮ ಬಳಿ ಸಾಕ್ಷಿಯೂ ಇದೆ. ಮೂರು ತಿಂಗಳ ಹಿಂದೆ ನೀವೇ ಕಳಿಸಿದ ನೆಮ್ಮದಿ ಪ್ರಶ್ನಾವಳಿಯಲ್ಲಿ, ಒಂಬತ್ತನೆಯ ಪ್ರಶ್ನೆಗೆ, 'ಕೆಲಸದಿಂದ ನನಗೆ ಎಂದೂ ಆಯಾಸವಾಗುವುದಿಲ್ಲ' ಎಂಬ ಚೌಕದೊಳಗೆ ಅವಳೇ ಗುರುತು ಹಾಕಿದ್ದಾಳೆ. ಆ ಸಾಕ್ಷಿಯ ಹುಟ್ಟು ಬೆಳವಣಿಗೆ ನಿಮಗಿಂತ ನನಗೆ ಚೆನ್ನಾಗಿ ಗೊತ್ತು. ಅದನ್ನು ತಿಳಿಸಿ ನಿಮಗೆ ಬರೆದ ಮೂರು ಪತ್ರಗಳಿಗೆ ಉತ್ತರ ಬರಲಿಲ್ಲ. ನಾಲ್ಕನೆಯದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ಊರೆಲ್ಲ ಓದಿದ ಮೇಲಾದರೂ ಯಾರಾದರೂ ನಿಮ್ಮ ಕಿವಿಗೆ ಹಾಕಿಯಾರು ಎಂಬ ಆಸೆ.

ನಾನು ನದೀಮುಖದ ಡೆಲ್ಟಾ ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯ ಗಂಡಸರ ವಾರ್ಡಿನ ಹೆಡ್ ನರ್ಸ್. ಮೂವತ್ತೊಂದು ವರ್ಷ ಸರ್ವಿಸಾಯಿತು. ಊರಿನ ಹೆಸರು ಬರೆಯುವುದಿಲ್ಲ, ನಿಮಗೇ ನೆನಪಿರುತ್ತದೆ. ನಮಗೆ ಫಲಕ ಕೊಡಲು ಬಂದ ದಿನ ಕಾಲುವೆ ಪಕ್ಕದ ರಸ್ತೆಯಲ್ಲಿ ನಿಮ್ಮ ಕಾರು ಒಂದು ಕತ್ತೆಗಾಡಿಯ ಹಿಂದೆ ಮುಕ್ಕಾಲು ಗಂಟೆ ಸಿಕ್ಕಿಕೊಂಡಿತ್ತಲ್ಲ, ಅದೇ ಊರು. ಆ ಮುಕ್ಕಾಲು ಗಂಟೆಯೂ ನಾವು ಹೂಗುಚ್ಛ ಹಿಡಿದು ಗೇಟಿನ ಬಳಿ ಬಿಸಿಲಲ್ಲಿ ನಿಂತಿದ್ದೆವು. ವಾರ್ಡಿನಲ್ಲಿ ರೋಗಿಗಳನ್ನು ರೋಗಿಗಳೇ ನೋಡಿಕೊಂಡರು.

ನಿಮ್ಮ ವಿಭಾಗ ಹುಟ್ಟುವ ಮೊದಲು ನಮ್ಮ ಸ್ಥಿತಿ ಹೇಗಿತ್ತು ಎಂದು ನೆನೆದರೆ ಈಗಲೂ ಕರುಳು ಚುರುಕ್ ಎನ್ನುತ್ತದೆ. ಅಳು ಬಂದರೆ ಅಳುತ್ತಿದ್ದೆವು. ಕಡತದ ಸಂಖ್ಯೆ ಇಲ್ಲ, ಮೇಲಧಿಕಾರಿಗಳ ರುಜು ಇಲ್ಲ, ಹೀಗೇ ಅನಾಗರಿಕರ ಹಾಗೆ, ಔಷಧಿ ಕಪಾಟಿನ ಹಿಂದೆ ನಿಂತು ಎರಡು ನಿಮಿಷ ಅತ್ತು, ಮೂಗು ಒರೆಸಿಕೊಂಡು, ಮುಂದಿನ ಹಾಸಿಗೆಗೆ ಹೋಗುತ್ತಿದ್ದೆವು. ಒಬ್ಬಳು ಅತ್ತರೆ ಇನ್ನೊಬ್ಬಳು ಅವಳ ಪಾಲಿನ ಇಂಜೆಕ್ಷನ್ ಕೊಟ್ಟು ಬರುತ್ತಿದ್ದಳು. ಚಹಾದ ಲೋಟ ಕೈಗಿಡುತ್ತಿದ್ದಳು. ಎಷ್ಟು ಅವ್ಯವಸ್ಥೆ ನೋಡಿ. ನೀವು ಬಂದ ಮೇಲೆ ಎಲ್ಲವೂ ಶಿಸ್ತಿಗೆ ಬಂತು.

ಮೊದಲು ನಮ್ಮ ವಿಶ್ರಾಂತಿ ಕೋಣೆಯನ್ನು ನೆಮ್ಮದಿ ಕೋಣೆ ಮಾಡಿದಿರಿ. ಅಲ್ಲಿ ಒಂದು ಹಳೆಯ ಮಂಚ, ಒಂದು ಚಹಾ ಒಲೆ, ಬೆನ್ನು ಮುರಿದ ಎರಡು ಕುರ್ಚಿ ಇದ್ದವು. ಅವನ್ನು ಹೊರಗೆಸೆದು ತಿಳಿನೀಲಿ ಬಣ್ಣ ಬಳಿಸಿ, ಬಿಳಿಯ ಸೋಫಾ ತರಿಸಿ, ಗೋಡೆಗೆ ಸಮುದ್ರದ ಚಿತ್ರ ತೂಗು ಹಾಕಿದಿರಿ. ಬಿಳಿ ಸೋಫಾ ಕೊಳೆಯಾಗಬಾರದಲ್ಲ, ಅದಕ್ಕೆ ಬೀಗವನ್ನೂ ಹಾಕಿದಿರಿ. ಬೀಗದ ಕೈ ಉಗ್ರಾಣದ ಗುಮಾಸ್ತನ ಹತ್ತಿರ. ಆತ ಎರಡು ಗಂಟೆಗೆ ಮನೆಗೆ ಹೋಗುತ್ತಾನೆ, ನಮ್ಮಲ್ಲಿ ಕೂರಲು ಪುರುಸೊತ್ತು ಸಿಗುವವರಿಗೆ ಅದು ಸಿಗುವುದು ಮೂರರ ಮೇಲೆ. ಒಮ್ಮೆ ಕೇಳಿದೆ. 'ಮಿಸ್, ತೆಗೀತೀನಿ, ಆದ್ರೆ ಕೂತ್ಕೋಬೇಡಿ. ನಿಂತ್ಕೊಂಡು ಸಮುದ್ರ ನೋಡಿ ಬನ್ನಿ' ಎಂದ. ಪಾಪ, ಅವನ ತಪ್ಪಲ್ಲ. ಸೋಫಾ ಅವನ ಲೆಕ್ಕದಲ್ಲಿದೆ.

ಆಮೇಲೆ ಉಸಿರಾಟದ ಉಪನ್ಯಾಸ. ನಮ್ಮ ವಾರದ ರಜೆಯ ದಿನವೇ ಕರೆಸಿದಿರಿ, ಹಾಜರಿ ಕಡ್ಡಾಯ. ರಾಜಧಾನಿಯಿಂದ ಬಂದ ತರುಣಿ ನಾಲ್ಕೆಣಿಸುತ್ತ ಒಳಗೆಳೆದುಕೊಳ್ಳಿ, ಆರೆಣಿಸುತ್ತ ಹೊರಗೆ ಬಿಡಿ ಎಂದಳು. ನಮ್ಮ ವಾರ್ಡಿನ ದಿಮ್ಯಾನಾ ಮೂರನೆಯ ಉಸಿರಿಗೆ ಗೊರಕೆ ಹೊಡೆಯತೊಡಗಿದಳು. ನಲವತ್ತು ದಾಟಿದ ಹೆಂಗಸು, ಎರಡು ಪಾಳಿ ಒಟ್ಟಿಗೆ ಮುಗಿಸಿ ನೇರ ಅಲ್ಲಿಗೆ ಬಂದಿದ್ದಳು. ನಾನು ಮೊಣಕೈಯಿಂದ ತಿವಿದರೆ ಆ ತರುಣಿ ತಡೆದಳು. 'ಎಬ್ಬಿಸ್ಬೇಡಿ ಮಿಸ್, ಎಲ್ಲರಿಗಿಂತ ಚೆನ್ನಾಗಿ ಮಾಡ್ತಿದಾರೆ' ಎಂದಳು. ದಿಮ್ಯಾನಾಗೆ 'ವಿಶ್ರಾಂತಿಯಲ್ಲಿ ಅತ್ಯುತ್ತಮ ಸಾಧನೆ' ಎಂಬ ಪ್ರಮಾಣಪತ್ರ ಬಂದಿದೆ. ಕನ್ನಡಿಯ ಪಕ್ಕ ಅಂಟಿಸಿಕೊಂಡಿದ್ದಾಳೆ.

ಇನ್ನು ನಿಮ್ಮ ಪ್ರಶ್ನಾವಳಿ. ಅದರ ಕಥೆ ಹೇಳುವ ಮೊದಲು ನಮ್ಮ ಕಸುಬಿನ ಒಂದು ಗುಟ್ಟು ಬಿಟ್ಟುಕೊಡಬೇಕು. ಇದನ್ನು ಬಹಿರಂಗವಾಗಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ವಾರ್ಡಿಗೆ ದಿನಕ್ಕೆ ಹದಿನೇಳು ಬಗೆಯ ಕಾಗದ ಬರುತ್ತವೆ. ಹೊಸ ಹುಡುಗಿ ಕೆಲಸಕ್ಕೆ ಬಂದ ಮೊದಲ ದಿನ ನಾನು ಅವಳನ್ನು ಕೂರಿಸಿಕೊಂಡು ಆ ಕಾಗದಗಳನ್ನು ಎರಡು ಪಾಲು ಮಾಡುತ್ತೇನೆ. ಒಂದು ಪಾಲು ನಿಜ ಬರೆಯುವವು. ಔಷಧಿಯ ಚಾರ್ಟು, ರಕ್ತದ ಚಾರ್ಟು, ಒಳಗೆ ಹೋದ ನೀರು ಹೊರಗೆ ಬಂದ ನೀರಿನ ಚಾರ್ಟು. ಇವುಗಳಲ್ಲಿ ಒಂದು ಸಂಖ್ಯೆ ತಪ್ಪಾದರೆ ಮನುಷ್ಯ ಹೋಗುತ್ತಾನೆ, ಇಲ್ಲಿ ತಪ್ಪಿದವಳನ್ನು ನಾನು ಜೀವಸಹಿತ ಬಿಟ್ಟಿಲ್ಲ. ಇನ್ನೊಂದು ಪಾಲು ಇಳಿಸುವ ಕಾಗದಗಳು. ಕಿಟಕಿಯ ಗಾಜು ಒರೆಸಿದ್ದು ಎಷ್ಟು ಹೊತ್ತಿಗೆ, ನಲ್ಲಿಯ ತಿರುಪು ಸರಿ ಇದೆಯೇ, ಕೈ ತೊಳೆದದ್ದು ಎಷ್ಟು ಸಲ, ಹಾಗೆ ತೊಳೆದದ್ದನ್ನು ನೋಡಿದವರು ಯಾರು. ಇವುಗಳಿಗೆ ಮೇಲಿನ ಸಾಲಿನಲ್ಲಿ ಇದ್ದದ್ದನ್ನು ಕೆಳಗಿನ ಸಾಲಿಗೆ ಇಳಿಸುವುದು. ನೋಡುತ್ತ ಕೂರುವಷ್ಟು ಕೈಗಳು ನಮ್ಮಲ್ಲಿ ಇಲ್ಲ. ನಿಜ ಬರೆಯುವ ಕಾಗದಕ್ಕೆ ಸಮಯ ಉಳಿಯಬೇಕಾದರೆ ಇಳಿಸುವ ಕಾಗದ ಇಳಿಸಲೇಬೇಕು. ಇದನ್ನು ಯಾವ ನರ್ಸಿಂಗ್ ಶಾಲೆಯಲ್ಲೂ ಕಲಿಸುವುದಿಲ್ಲ, ಯಾವ ವಾರ್ಡಿನಲ್ಲೂ ಕಲಿಯದೆ ಬದುಕಲಾಗುವುದಿಲ್ಲ.

ನಿಮ್ಮ ಪ್ರಶ್ನಾವಳಿ ಬಂದದ್ದು ಮಧ್ಯಾಹ್ನ ಒಂದೂ ಮುಕ್ಕಾಲಿಗೆ. ಎರಡಕ್ಕೆ ಪಾಳಿ ಒಪ್ಪಿಸಬೇಕು. ಆಸ್ಪತ್ರೆಯ ಮೂವತ್ತೆಂಟು ನರ್ಸುಗಳ ಹೆಸರೂ ಮೇಲೆ ಅಚ್ಚಾಗಿದ್ದ ಮೂವತ್ತೆಂಟು ಪ್ರತಿಗಳು, ತಲಾ ನಲವತ್ತು ಪ್ರಶ್ನೆ, ಉತ್ತರಕ್ಕೆ ಚೌಕಗಳು. ತಂದ ಜವಾನ ಬಾಗಿಲಲ್ಲೇ ನಿಂತ. 'ಎರಡಕ್ಕೆ ನಮ್ ಗಾಡಿ ಹೊರಡುತ್ತೆ, ಖಾಲಿ ಹೋದ್ರೆ ಸಾಹೇಬ್ರು ಬಯ್ತಾರೆ' ಎಂದ. ನಾನು ಒಂದು ಪ್ರತಿ ಎಳೆದುಕೊಂಡು ನಿಂತಲ್ಲೇ ತುಂಬಿದೆ. ಚೆನ್ನಾಗಿದ್ದೇನೆ, ಚೆನ್ನಾಗಿದ್ದೇನೆ, ಎಂದೂ ಇಲ್ಲ, ಎಂದೂ ಇಲ್ಲ, ತುಂಬಾ ತೃಪ್ತಿ. ಮುಗಿಸಿ ಹುಡುಗಿಯರ ಮುಂದೆ ಹಿಡಿದು, 'ನೋಡ್ಕೊಂಡು ಇಳ್ಸಿ' ಎಂದೆ. ನನ್ನ ಪ್ರತಿ ವಾರ್ಡಿನಿಂದ ವಾರ್ಡಿಗೆ ಓಡಿತು. ಹದಿನೈದು ನಿಮಿಷದಲ್ಲಿ ಇಡೀ ಆಸ್ಪತ್ರೆಗೆ ನೆಮ್ಮದಿ ಬಂತು.

ಮೂರು ವಾರದಲ್ಲಿ ನಿಮ್ಮ ವರದಿ ಹೊರಬಿತ್ತು. 'ಸಿಬ್ಬಂದಿಯ ಅಭಿಪ್ರಾಯದಲ್ಲಿ ಅಪರೂಪದ ಒಮ್ಮತ' ಎಂದು ಅದರಲ್ಲಿ ಬರೆದಿದ್ದಿರಿ. ಆ ವಾಕ್ಯ ಬರೆದವರ ಕೈಗೆ ಮುತ್ತಿಡಬೇಕು ಅನ್ನಿಸಿತು. ಮೂವತ್ತೆಂಟು ಹೆಂಗಸರು ಗಂಡಸರು ನಲವತ್ತು ಪ್ರಶ್ನೆಗೂ ಒಂದೇ ಉತ್ತರ ಕೊಟ್ಟರೆ ನನ್ನಂಥ ಅರೆ ಓದಿನವಳಿಗೆ ನಕಲು ಎಂಬ ಅನುಮಾನ ಬರುತ್ತದೆ. ನಿಮ್ಮಂಥ ದೊಡ್ಡ ಓದಿನವರಿಗೆ ಒಮ್ಮತ ಕಂಡಿತು. ಪ್ರಾಂತ್ಯದ ಅತ್ಯಂತ ನೆಮ್ಮದಿಯ ಆಸ್ಪತ್ರೆ ಎಂಬ ಹಿತ್ತಾಳೆ ಫಲಕ ಬಂತು. ಅದರ ಬೆನ್ನಿಗೇ ಇನ್ನೊಂದು ಆದೇಶ ಬಂತು. ಇಲ್ಲಿನ ಸಿಬ್ಬಂದಿಗೆ ಕೆಲಸದ ಹೊರೆ ಇಲ್ಲವೆಂದು ಸಾಬೀತಾಗಿರುವುದರಿಂದ ಗಂಡಸರ ವಾರ್ಡಿನ ಇಬ್ಬರನ್ನು ಬೇರೆ ಆಸ್ಪತ್ರೆಗೆ ವರ್ಗಾಯಿಸಿದೆ ಎಂದು. ಒಬ್ಬ ಬಕ್ರ್, ದೈತ್ಯನಂಥ ಹುಡುಗ, ಎಂಥ ರೋಗಿಯನ್ನೂ ಒಬ್ಬನೇ ಮಗ್ಗುಲು ಬದಲಿಸುತ್ತಿದ್ದ. ಇನ್ನೊಬ್ಬಳು ಹದಿನೈದು ವರ್ಷದ ಅನುಭವಿ. ನಲವತ್ತಾರು ಹಾಸಿಗೆಗೆ ಹಗಲು ಪಾಳಿಯಲ್ಲಿ ದಿಮ್ಯಾನಾ ಮತ್ತು ರಬಾಬ್ ಇಬ್ಬರೇ ಉಳಿದರು, ಜೊತೆಗೆ ಮಂಡಿನೋವಿನ ನಾನು. ನೆಮ್ಮದಿಗೆ ಇಂಥ ಬಹುಮಾನ ಕೊಡಬಹುದು ಎಂಬುದು ನಿಮಗಲ್ಲದೆ ಇನ್ನಾರಿಗೆ ಹೊಳೆದೀತು?

ರಬಾಬ್ ಯಾರೆಂದು ನಿಮಗೆ ತಿಳಿಯಬೇಕು. ನಾಲ್ಕು ವರ್ಷದಿಂದ ನನ್ನ ಕೈಕೆಳಗಿದ್ದಾಳೆ. ಯಾರ ರಕ್ತನಾಳವೂ ಸಿಗದಿದ್ದಾಗ ಡಾಕ್ಟರುಗಳು ಅವಳನ್ನು ಕೂಗುತ್ತಾರೆ. ರೋಗಿಗಳು ಅವಳಿಗಾಗಿ ಕಾಯುತ್ತಾರೆ, ಸೂಜಿ ಚುಚ್ಚಿದ್ದು ಗೊತ್ತೇ ಆಗುವುದಿಲ್ಲವಂತೆ. ಇಬ್ಬರು ಹೋದ ಮೇಲೆ ಅವಳು ಹದಿನೆಂಟು ದಿನ ಒಂದೇ ಸಮ ಕೆಲಸಕ್ಕೆ ಬಂದಳು. ಒಂಬತ್ತನೆಯ ದಿನವೋ ಹತ್ತನೆಯ ದಿನವೋ, ಸಂಜೆ ಅವಳನ್ನು ಸೊಸೆಯಾಗಿ ಕೇಳಲು ಹುಡುಗನ ತಾಯಿ ಬಂದಿದ್ದರು. ಸಿಹಿಯ ತಟ್ಟೆ, ಹೊಸ ಬಟ್ಟೆ, ನೆಂಟರು, ಎಲ್ಲ ಇದೆ. ರಬಾಬ್ ಷರಬತ್ತು ಹಿಡಿದು ಬಂದವಳು ಹಜ್ ಯಾತ್ರೆ ಮಾಡಿ ಹಾಜ್ಜಾ ಎನಿಸಿಕೊಂಡ ಆ ಹಿರಿಯ ಹೆಂಗಸಿನ ಮುಂದೆ ಬಗ್ಗಿ, ಮಣಿಕಟ್ಟು ಹಿಡಿದು, ತುಂಬಿದ ಮನೆಯಲ್ಲಿ ಕೇಳಿದಳು.

'ಹಾಜ್ಜಾ, ಬೆಳಿಗ್ಗೆ ಹೊರಗಡೆಗೆ ಸರಿಯಾಗಿ ಆಯ್ತಾ?'

ನೆಂಟರೆಲ್ಲ ಕಲ್ಲಾದರು. ರಬಾಬ್‌ಳ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹಾಜ್ಜಾ ಮಾತ್ರ ಅತ್ತಿತ್ತ ನೋಡಿ, ದನಿ ತಗ್ಗಿಸಿ, 'ಎಲ್ಲಮ್ಮಾ, ಮೂರು ದಿನ ಆಯ್ತು. ಯಾರ ಹತ್ರ ಹೇಳ್ಕೊಳ್ಳಲಿ' ಎಂದರಂತೆ. ಸಂಬಂಧ ಅಲ್ಲೇ ಕುದುರಿತು. ಮಾರನೆಯ ದಿನ ದಿಮ್ಯಾನಾ ಇದನ್ನು ಅಭಿನಯಿಸಿ ತೋರಿಸಿದಾಗ ರೋಗಿಗಳೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ರಬಾಬ್ ನಗಲಿಲ್ಲ. 'ಮಿಸ್, ನಾನು ಅದನ್ನ ಕೇಳಿದ್ದೇ ನಂಗೆ ಗೊತ್ತಿಲ್ಲ. ಅಮ್ಮ ಹೇಳಿದ್ ಮೇಲೇ ಗೊತ್ತಾಗಿದ್ದು' ಎಂದಳು. ಮೂವತ್ತೊಂದು ವರ್ಷ ರೋಗಿಗಳ ಮುಖ ನೋಡಿದ ಹೆಡ್ ನರ್ಸಿಗೆ ಆ ಮಾತಿನಲ್ಲಿ ರೋಗ ಕಾಣಲಿಲ್ಲ. ನಗುತ್ತಲೇ ಔಷಧಿ ತಟ್ಟೆ ಅವಳ ಕೈಗಿಟ್ಟೆ.

ಹದಿನೆಂಟನೆಯ ದಿನ, ಸೋಮವಾರ ಮಧ್ಯಾಹ್ನ ಒಂದು ಗಂಟೆ, ಭೇಟಿಯ ಹೊತ್ತು. ನಮ್ಮಲ್ಲಿ ಭೇಟಿಯ ಹೊತ್ತು ಎಂದರೆ ಏನೆಂದು ನಿಮಗೆ ಗೊತ್ತಿರಲಿಕ್ಕಿಲ್ಲ, ನೀವು ಬಂದ ದಿನ ಅದನ್ನು ರದ್ದು ಮಾಡಿದ್ದರು. ಒಂದು ಹಾಸಿಗೆಗೆ ಎಂಟು ಜನ ಬಂಧುಗಳು. ಅನ್ನ ತುಂಬಿದ ಎಲೆಕೋಸಿನ ಸುರುಳಿಯ ಪಾತ್ರೆ, ಕೋಳಿ ಸಾರು, ಮಕ್ಕಳು, ಚಾಪೆ. ಎಂಟೂ ಜನಕ್ಕೆ ಒಂದೊಂದು ಪ್ರಶ್ನೆ ಇರುತ್ತದೆ, ಪ್ರತಿಯೊಂದೂ ನರ್ಸಿಗೆ. ಅಂದು ಅವರ ಕೈಗೆ ಸಿಕ್ಕವಳು ರಬಾಬ್.

'ಮಿಸ್, ನಮ್ಮಪ್ಪಂಗೆ ಬಾಟ್ಲಿ ಮುಗೀತು!'

'ಬಂದೆ.'

'ಮಿಸ್, ಈ ದಿಂಬು ಯಾರ್ದು, ನಮ್ದು ಎಲ್ಲಿ?'

'ಬಂದೆ.'

'ಏನಮ್ಮಾ, ಆಗ್ಲಿಂದ ಬಂದೆ ಬಂದೆ ಅಂತೀಯ, ನಮ್ಮಣ್ಣ ಮನುಷ್ಯ ಅಲ್ವಾ?'

'ಬಂದೆ ಅಣ್ಣಾ, ಬಂದೆ.'

ನಾನು ವಾರ್ಡಿನ ಇನ್ನೊಂದು ತುದಿಯಲ್ಲಿದ್ದೆ. ರಬಾಬ್ ನಡುದಾರಿಯಲ್ಲಿ ನಿಂತದ್ದನ್ನು ಕಂಡೆ. ಯಾರೂ ಕೂಗದಿದ್ದರೂ 'ಬಂದೆ' ಎಂದಳು. ಗೋಡೆಯ ಕಡೆ ತಿರುಗಿ ಇನ್ನೊಮ್ಮೆ 'ಬಂದೆ' ಎಂದಳು. ಆಮೇಲೆ ಎಲ್ಲರನ್ನೂ ದಾಟಿಕೊಂಡು, ಯಾರಿಗೂ ಕೈ ಕೂಡ ತಾಗಿಸದೆ, ಬಟ್ಟೆ ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡಳು.

ನಾನು ಬಾಗಿಲು ಬಡಿದೆ. 'ರಬಾಬ್, ತೆಗಿಯೇ.' 'ಬಂದೆ ಮಿಸ್' ಎಂದು ಒಳಗಿಂದ ದನಿ ಬಂತು, ಅವಳು ಬರಲಿಲ್ಲ. ಬಾಗಿಲಿಗೆ ಕಿವಿಯಿಟ್ಟೆ. ಹದಿನೇಳು, ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು ಎಂದು ಎಣಿಸುತ್ತಿದ್ದಳು. ಇಪ್ಪತ್ತಕ್ಕೆ ಬಂದು ಮತ್ತೆ ಒಂದರಿಂದ. ಡ್ರಿಪ್ಪಿನ ಹನಿ ಹೀಗೆ ಎಣಿಸುತ್ತೇವೆ, ಗಡಿಯಾರ ಹಿಡಿದು, ನಿಮಿಷಕ್ಕೆ ಇಪ್ಪತ್ತು. ಆ ಕೋಣೆಯಲ್ಲಿ ಹೊದಿಕೆಗಳ ಗಂಟು ಬಿಟ್ಟರೆ ಏನೂ ಇರಲಿಲ್ಲ. ನನಗೆ ಆಗ ನಿಜಕ್ಕೂ ಹೆದರಿಕೆಯಾಯಿತು. ಬಾಗಿಲ ಹೊರಗೆ ನೆಲದ ಮೇಲೆ ಕೂತು, 'ಎಣ್ಸು ಮಗಳೇ, ಎಣ್ಸು, ನಾನಿಲ್ಲೇ ಇದೀನಿ' ಎಂದೆ. ಅತ್ತ ದಿಮ್ಯಾನಾ ಒಬ್ಬಳೇ ನಲವತ್ತಾರು ಹಾಸಿಗೆ ನೋಡಿದಳು. ಯಾರ ಪ್ರಾಣಕ್ಕೂ ಕುತ್ತು ಬರಲಿಲ್ಲ. ಒಂದು ಬಾಟಲಿ ಬದಲಿಸುವುದು ತಡವಾಗಿ, ಕೊಳವೆಯೊಳಗೆ ರಕ್ತ ಏರಿತ್ತು, ಸರಿ ಮಾಡಿದಳು. ನಲವತ್ತು ನಿಮಿಷದ ಮೇಲೆ ಚಿಲಕ ತೆಗೆದ ರಬಾಬ್ ನನ್ನನ್ನು ನೋಡಿ ಕೇಳಿದ ಮೊದಲ ಮಾತು, 'ಇಪ್ಪತ್ತೆರಡನೇ ಬೆಡ್ಡಿಂದು ಬದಲಾಯಿಸಿದ್ರಾ ಮಿಸ್?'

ನಿಮ್ಮ ಕಚೇರಿಯ ಪ್ರಕಾರ ಇದು ನಾಟಕ. ಇಂಥ ನಾಟಕ ಆಡುವವರು ನಿಮ್ಮಲ್ಲಿ ಇನ್ನೂ ಎಷ್ಟು ಜನ ಇದ್ದಾರೆ, ವಿಚಾರಿಸಿದ್ದೀರಾ?

ಇಪ್ಪತ್ತೆರಡನೆಯ ಹಾಸಿಗೆಯವರ ಮಗ ದೂರು ಬರೆದ. ಬಾಟಲಿ ತಡವಾಯಿತು, ವಾರ್ಡಿಗೆ ನರ್ಸುಗಳು ಸಾಲದು ಎಂದು ಬರೆದಿದ್ದ. ಅದು ನಿಮ್ಮ ಕಟ್ಟಡದ ಮೆಟ್ಟಿಲು ಹತ್ತುವಷ್ಟರಲ್ಲಿ ರಬಾಬ್‌ಳ ಮೇಲಿನ ಆರೋಪವಾಯಿತು. ಹತ್ತು ದಿನದಲ್ಲಿ ನೋಟಿಸು ಬಂತು. ಅಮಾನತು, ವಿಚಾರಣೆ, ಕಾಯಿಲೆಯ ಸೋಗು ಹಾಕಿ ಕರ್ತವ್ಯ ಬಿಟ್ಟ ಅಪರಾಧ. ಅದು ರುಜುವಾತಾದರೆ ಕೆಲಸ ಹೋಗುತ್ತದೆ. ಸೋಗು ಹಾಕಿದವಳು ಎಂದು ಕಡತದಲ್ಲಿ ಬಿದ್ದ ನರ್ಸನ್ನು ಈ ದೇಶದ ಯಾವ ಆಸ್ಪತ್ರೆಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನೋಟಿಸಿನ ಜೊತೆ ಸಾಕ್ಷಿಯಾಗಿ ಅವಳ ಪ್ರಶ್ನಾವಳಿಯ ಪ್ರತಿ. ಒಂಬತ್ತನೆಯ ಉತ್ತರದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ.

ನಾನು ಕನ್ನಡಕ ಹಾಕಿಕೊಂಡು ಓದಿದೆ. ಒಂಬತ್ತನ್ನು ಓದಿ, ಮೇಲಕ್ಕೆ ಹೋಗಿ ಒಂದರಿಂದ ಓದಿದೆ. ಒಂದು, ವಯಸ್ಸು. ಗುರುತು 'ಐವತ್ತು ಮತ್ತು ಮೇಲ್ಪಟ್ಟು' ಎಂಬ ಚೌಕದಲ್ಲಿ. ಎರಡು, ವೈವಾಹಿಕ ಸ್ಥಿತಿ. ಗುರುತು 'ವಿಧವೆ ಅಥವಾ ವಿಧುರ' ಎಂಬಲ್ಲಿ. ಮೂರು, ಮಕ್ಕಳು. ಗುರುತು 'ನಾಲ್ಕು' ಎಂಬಲ್ಲಿ.

ಮಾನ್ಯರೇ, ಐವತ್ತಮೂರು ವರ್ಷದವಳು ನಾನು. ವಿಧವೆ ನಾನು. ನಾಲ್ಕು ಮಕ್ಕಳು ನನ್ನವು. ಅವಸರದಲ್ಲಿ ಹುಡುಗಿಯರು ಪ್ರಶ್ನೆ ಓದಲೇ ಇಲ್ಲ, ಚೌಕದ ಜಾಗ ನೋಡಿ ಇಳಿಸಿದ್ದಾರೆ. ನಮ್ಮ ಕಚೇರಿಗೆ ಓಡಿ, ವರದಿಯ ಜೊತೆ ನೀವು ಕಳಿಸಿದ್ದ ಪ್ರಶ್ನಾವಳಿ ಪ್ರತಿಗಳ ಕಡತ ತೆಗೆಸಿ ನೋಡಿದೆ. ನಮ್ಮ ಆಸ್ಪತ್ರೆಯ ಮೂವತ್ತೆಂಟು ನರ್ಸುಗಳೂ ಐವತ್ತು ದಾಟಿದವರು. ಮೂವತ್ತೆಂಟೂ ಜನಕ್ಕೆ ಗಂಡನೋ ಹೆಂಡತಿಯೋ ಸತ್ತಿದ್ದಾರೆ. ಎಲ್ಲರಿಗೂ ನಾಲ್ಕು ನಾಲ್ಕು ಮಕ್ಕಳು. ಮತ್ತು ಎಲ್ಲರೂ ಪರಮ ಸುಖಿಗಳು, ಯಾರಿಗೂ ಎಂದೂ ಆಯಾಸವಿಲ್ಲ. ನಿಮ್ಮ ಹದಿನಾಲ್ಕು ಪುಟದ ವರದಿ ನಿಂತಿರುವುದು ಈ ನೂರ ಐವತ್ತೆರಡು ಅನಾಥ ಮಕ್ಕಳ ಮೇಲೆ.

ಬಕ್ರ್‌ಗೆ ಫೋನ್ ಮಾಡಿ ಹೇಳಿದೆ. ಆ ಪ್ರಶ್ನಾವಳಿ ತುಂಬಿದಾಗ ಅವನ ಮದುವೆಯಾಗಿ ಒಂದು ತಿಂಗಳು. ಪಕ್ಕದಲ್ಲಿದ್ದ ಹೆಂಡತಿ ಕೇಳಿಸಿಕೊಂಡು, 'ಅಯ್ಯೋ ನಿನ್ನ! ಮದರಂಗಿ ಇನ್ನೂ ಆರಿರ್ಲಿಲ್ಲ, ಅಷ್ಟರಲ್ಲೇ ನನ್ನನ್ನ ಮಣ್ಣು ಮಾಡಿಬಿಟ್ಯಾ?' ಎಂದು ಶುರು ಮಾಡಿದಳು. 'ಸರ್ಕಾರಿ ಕಾಗದ ಕಣೇ, ನಂಗೇನ್ ಗೊತ್ತು' ಎನ್ನುತ್ತಿದ್ದ. 'ಆ ನಾಲ್ಕು ಮಕ್ಕಳು ಯಾರ ಹೊಟ್ಟೇಲಿ ಹುಟ್ಟಿದ್ವು, ಅದನ್ನ ಹೇಳು ಮೊದ್ಲು!' ಎಂದಳು. ನಾನು ಫೋನ್ ಇಟ್ಟೆ. ಇಪ್ಪತ್ತು ದಿನದ ಮೇಲೆ ಅಂದು ನಕ್ಕೆ, ನಕ್ಕು ಮುಗಿದ ಮೇಲೆ ಕೋಪ ಬಂತು.

ಏಕೆಂದರೆ ಯಾರೂ ಓದಿಲ್ಲ. ವರದಿ ಬರೆದವರು ಓದಿಲ್ಲ, ಫಲಕ ಕೆತ್ತಿಸಿದವರು ಓದಿಲ್ಲ, ಇಬ್ಬರನ್ನು ಕಿತ್ತುಕೊಂಡವರು ಓದಿಲ್ಲ. ಅದಾದರೂ ಹೋಗಲಿ. ಒಂಬತ್ತನೆಯ ಉತ್ತರದ ಕೆಳಗೆ ಗೆರೆ ಎಳೆದ ಆ ಕೆಂಪು ಪೆನ್ನು ಎರಡನೆಯ ಉತ್ತರವನ್ನು ದಾಟಿಕೊಂಡೇ ಕೆಳಗೆ ಬಂದಿರಬೇಕಲ್ಲ? ಮದುವೆಯೇ ಆಗದ ಇಪ್ಪತ್ತಾರರ ಹುಡುಗಿ ಐವತ್ತರ ವಿಧವೆಯಾದದ್ದು ಆ ಪೆನ್ನಿಗೆ ಕಾಣಲಿಲ್ಲವೇ? ಎರಡನೆಯ ಉತ್ತರ ಸುಳ್ಳಾದರೆ ಒಂಬತ್ತನೆಯದು ಯಾವ ಬಾಯಲ್ಲಿ ನಿಜವಾಗುತ್ತದೆ? ಅಥವಾ, ಶಿಕ್ಷೆ ಕೊಡಲು ಬೇಕಾದ ಸಾಲನ್ನು ಮಾತ್ರ ಓದುವುದು ನೆಮ್ಮದಿ ವಿಭಾಗದ ಪದ್ಧತಿಯೋ? ನಾವು ಇಳಿಸುವ ಕಾಗದವನ್ನು ನೀವು ಏರಿಸುತ್ತೀರಿ, ಅಷ್ಟೇ ವ್ಯತ್ಯಾಸ. ನಮಗಾದರೆ ನಲವತ್ತಾರು ಹಾಸಿಗೆಗಳ ನೆಪವಿತ್ತು. ನಿಮ್ಮ ಮೂರನೆಯ ಮಹಡಿಯಲ್ಲಿ ಎಷ್ಟು ಹಾಸಿಗೆಗಳಿವೆ?

ಕಳೆದ ಗುರುವಾರ ರಬಾಬ್‌ಳ ಮನೆಗೆ ಹೋಗಿದ್ದೆ. ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಾಜ್ಜಾ ಮಂಚದ ಅಂಚಿನಲ್ಲಿ ಸೂಪಿನ ಬಟ್ಟಲು ಹಿಡಿದು ಕೂತಿದ್ದರು, ದಿನಾ ಬರುತ್ತಾರಂತೆ. 'ಆ ಕೆಲಸ ಹೋದ್ರೆ ಹೋಗ್ಲಿ ಬಿಡಿ ಮಿಸ್. ನಮ್ಮನೇಲಿ ಇವಳಿಗೆ ಕಮ್ಮಿ ಏನಾಗಿದೆ?' ಎಂದರು. ಗೋಡೆಯ ಕಡೆಯಿಂದಲೇ ರಬಾಬ್, 'ನಂಗೆ ಆ ಕೆಲಸ ಬೇಕು' ಎಂದಳು. ಆಮೇಲೆ ನನ್ನ ಕಡೆ ಹೊರಳಿದಳು. ಕಣ್ಣು ಗುಳಿ ಬಿದ್ದಿದ್ದವು.

'ಮಿಸ್, ಆ ಕಾಗದದಲ್ಲಿರೋ ಗುರುತು ನಂದೇ ಅಲ್ವಾ?'

'ನಿಂದೇ. ಆದ್ರೆ ನೋಡ್ಕೊಂಡು ಇಳಿಸಿದ್ದು.'

'ಇಲ್ಲ ಮಿಸ್. ಕೈ ನಂದೇ ತಾನೆ? ಅವರು ಅಷ್ಟು ಖಂಡಿತವಾಗಿ ಬರೆದಿದಾರೆ. ನಾನು ಯೋಚನೆ ಮಾಡ್ತಾನೇ ಇದೀನಿ. ಅವತ್ತು ನಂಗೆ ನಿಜವಾಗ್ಲೂ ಹಂಗಾಗಿತ್ತಾ, ಇಲ್ಲಾ ನಾಟಕಾನೇ ಆಡಿದ್ನಾ?'

ಅವಳ ಕೆಲಸ ಕಸಿಯಲು ನಿಮಗೆ ಮಂಗಳವಾರದ ತನಕ ಸಮಯ ಬೇಕು. ಅವಳಿಗೆ ಅವಳ ಮೇಲಿದ್ದ ನಂಬಿಕೆಯನ್ನು ಒಂದು ನೋಟಿಸಿನಲ್ಲಿ ಆಗಲೇ ಕಸಿದಿದ್ದೀರಿ. ಮನಸ್ಸಿನ ಆರೋಗ್ಯ ಕಾಪಾಡಲು ಸರ್ಕಾರ ನೇಮಿಸಿದ ಕಚೇರಿ ನಿಮ್ಮದು.

ಇಷ್ಟು ಹೊತ್ತು ನಿಮ್ಮನ್ನು ಬೈದೆ. ಈಗ ನನ್ನ ಪಾಲಿನದು ಹೇಳಬೇಕು, ಅದನ್ನು ಆ ಮೂರು ಪತ್ರಗಳಲ್ಲಿ ನಾನೂ ಬರೆದಿರಲಿಲ್ಲ. ಆ ಮಧ್ಯಾಹ್ನ ಎಲ್ಲರೂ ಸರಸರ ಇಳಿಸುತ್ತಿದ್ದಾಗ ರಬಾಬ್‌ಳ ಪೆನ್ನು ಒಂಬತ್ತನೆಯ ಪ್ರಶ್ನೆಯ ಹತ್ತಿರ ನಿಂತಿತು. ನಲವತ್ತು ಪ್ರಶ್ನೆಗಳಲ್ಲಿ ಅವಳು ಓದಿದ್ದು ಅದೊಂದನ್ನೇ ಇರಬೇಕು. ತಲೆಯೆತ್ತಿ ನನ್ನನ್ನು ಕೇಳಿದಳು, 'ಮಿಸ್, ಇದೊಂದು ನಿಜ ಬರೀಲಾ?'

ನಾನು ಅವಳ ಮುಖ ಕೂಡ ನೋಡಲಿಲ್ಲ. 'ಬರ್ದು ಏನ್ ಮಾಡ್ತೀಯ? ಯಾರೂ ಓದಲ್ಲ ಕಣೇ. ಬೇಗ ಇಳಿಸು, ಹನ್ನೊಂದನೇ ಬೆಡ್ ಕಾಯ್ತಿದಾನೆ' ಎಂದೆ. ಇಳಿಸಿದಳು.

ಹದಿನೇಳು ಬಗೆಯ ಕಾಗದಗಳಲ್ಲಿ ನಮ್ಮ ಬಗ್ಗೆ ಕೇಳಿದ್ದು ಅದೊಂದೇ. ಅದನ್ನು ನಾನು ಕಿಟಕಿ ಗಾಜಿನ ಪಾಲಿಗೆ ಹಾಕಿದೆ. ನಲವತ್ತಾರು ಜನರ ನೋವು ನಿಜ ಬರೆಯುವ ಚಾರ್ಟಿನಲ್ಲಿ, ನನ್ನ ಹುಡುಗಿಯ ನೋವು ಇಳಿಸುವ ಕಾಗದದಲ್ಲಿ. ಕಲಿಸಿದವಳು ನಾನು, ಮುಖ ನೋಡದವಳು ನಾನು, ಷರಬತ್ತಿನ ಕಥೆಗೆ ನಕ್ಕವಳೂ ನಾನು. ಅವಳು ಬಾಯಿ ಬಿಟ್ಟು ಕೇಳಿದ್ದಳು. ಇದಕ್ಕೆ ನಿಮ್ಮ ಕಾನೂನಿನಲ್ಲಿ ಯಾವ ಶಿಕ್ಷೆ ಇದೆಯೋ ತಿಳಿಯದು, ನನಗೆ ಸಿಗಬೇಕಾದದ್ದು ಸಿಗುತ್ತಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ರಬಾಬ್‌ಳ ಮೇಲಿನ ಆರೋಪ ಕೈಬಿಡಿ, ಸೋಗು ಎಂಬ ಪದವನ್ನು ಕಡತದಿಂದ ತೆಗೆಯಿರಿ, ಅವಳಿಗೆ ರಜೆಯನ್ನೂ ಒಬ್ಬ ಒಳ್ಳೆಯ ಮನೋವೈದ್ಯರನ್ನೂ ಕೊಡಿ, ಆಮೇಲೆ ಅವಳ ವಾರ್ಡನ್ನು ಅವಳಿಗೆ ಕೊಡಿ. ಕಿತ್ತುಕೊಂಡ ಇಬ್ಬರನ್ನು ಹಿಂದಕ್ಕೆ ಕಳಿಸಿ. ಮಂಗಳವಾರ ಯಾರನ್ನಾದರೂ ನಿಲ್ಲಿಸಲೇಬೇಕು ಎಂದಿದ್ದರೆ ಆ ಪ್ರಶ್ನಾವಳಿಯಲ್ಲಿರುವ ಐವತ್ತು ದಾಟಿದ, ನಾಲ್ಕು ಮಕ್ಕಳ ವಿಧವೆಯನ್ನು ನಿಲ್ಲಿಸಿ. ಹತ್ತಕ್ಕೆ ಐದು ನಿಮಿಷ ಮೊದಲೇ ನಿಮ್ಮ ಬಾಗಿಲಲ್ಲಿರುತ್ತೇನೆ. ದಿಮ್ಯಾನಾ, ಬಕ್ರ್, ಉಳಿದ ಮೂವತ್ತನಾಲ್ಕು ಜನವೂ ತಮ್ಮ ತಮ್ಮ ಪ್ರತಿ ಹಿಡಿದು ಬರುತ್ತೇವೆ ಎನ್ನುತ್ತಿದ್ದಾರೆ. ಬರಬೇಡಿ, ರೋಗಿಗಳನ್ನು ಯಾರು ನೋಡುತ್ತಾರೆ ಎಂದು ತಡೆದಿದ್ದೇನೆ. ಎಷ್ಟು ಜನ ಕೇಳುತ್ತಾರೋ ಗೊತ್ತಿಲ್ಲ.

ಯಾರೂ ಓದುವುದಿಲ್ಲ ಎಂದು ನಾನು ಆ ಹುಡುಗಿಗೆ ಹೇಳಿದ್ದೆ. ಮಾನ್ಯರೇ, ನನ್ನನ್ನು ಸುಳ್ಳುಗಾರ್ತಿ ಮಾಡಿ.

ಇಂತಿ,
ನಿಮ್ಮ ಕಡತದ ಪ್ರಕಾರ ಎಂದೂ ದಣಿಯದ
ವಿದಾದ್
ಹೆಡ್ ನರ್ಸ್, ಗಂಡಸರ ವಾರ್ಡ್